ಮೋಟರ್ ಬದಲಿಸುವ ಮೊದಲು ಕಪ್ಪು ವೈರ್ ನೋಡಿ

ಮಾನ್ಯ ಸಂಪಾದಕರೇ,

ಪತ್ರಿಕೆಗೆ ನಾನು ಪತ್ರ ಬರೆಯುತ್ತಿರುವುದು ಇದೇ ಮೊದಲು. ರಸ್ತೆ ಗುಂಡಿಯ ದೂರಲ್ಲ, ಬೀದಿ ದೀಪದ ದೂರೂ ಅಲ್ಲ. ನನ್ನ ಬೋಟ್ ಇಂಜಿನ್ನಿನ ಒಂದು ಗೇಣುದ್ದದ ಕಪ್ಪು ವೈರಿನ ಕಥೆ. ಅದರಿಂದ ನನ್ನ ಮೂರು ವಾರದ ದುಡಿಮೆ ಹೋಯಿತು. ಇನ್ನೊಂದು ದಿನ ತಡವಾಗಿದ್ದರೆ 70 ಸಾವಿರ ರೂಪಾಯಿಯೂ ಹೋಗುತ್ತಿತ್ತು. ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್ ಇಟ್ಟುಕೊಂಡವರು ಕಾರವಾರದಿಂದ ಉಳ್ಳಾಲದವರೆಗೆ ಬೇಕಾದಷ್ಟು ಜನ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಹೊನ್ನಾವರದ ಶರಾವತಿಯಲ್ಲಿ ನನ್ನದೊಂದು ಬೋಟ್ ಇದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಲು ಬರುವವರನ್ನು ಹತ್ತಿಸಿಕೊಂಡು, ರೈಲು ಸೇತುವೆಯ ಅಡಿಯಿಂದ ಒಂದು ಸುತ್ತು ಹಾಕಿಸಿ ತಂದು ಬಿಡುವುದು ಕೆಲಸ. ಅಪ್ಪ ಇದೇ ಹೊಳೆಯಲ್ಲಿ ಹುಟ್ಟು ಹಾಕಿ ದೋಣಿ ನಡೆಸುತ್ತಿದ್ದರು. ಮರಳ ದಿಬ್ಬ ಸಿಕ್ಕರೆ ಹುಟ್ಟು ಎತ್ತಿ, ಬಿದಿರಿನ ಗಳ ಊರಿ ದೂಡುತ್ತಿದ್ದರು. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಬೋಟಿನ ಹಿಂದೆ ನೇತಾಡುವುದು 60 ಎಚ್‌ಪಿ ಇಂಜಿನ್. ತೂಕ 100 ಕಿಲೋಗಿಂತ ಜಾಸ್ತಿ. ಅದನ್ನು ಕೈಯಲ್ಲಿ ಎತ್ತಲು ಆಗುವುದಿಲ್ಲ ಅಂತಲೇ ಪವರ್ ಟಿಲ್ಟ್ ಅಂತ ಒಂದು ವ್ಯವಸ್ಥೆ ಕೊಟ್ಟಿರುತ್ತಾರೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ವೇಗ ಹೆಚ್ಚು ಕಡಿಮೆ ಮಾಡುವ ಥ್ರಾಟಲ್ ಹಿಡಿಯ ಮೇಲೆ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಬಟನ್ ಇರುತ್ತದೆ. ಮೇಲಕ್ಕೆ ಒತ್ತಿದರೆ ಇಡೀ ಇಂಜಿನ್ ಓರೆಯಾಗಿ ಎದ್ದು ಪ್ರೊಪೆಲ್ಲರ್ ನೀರಿನಿಂದ ಹೊರಗೆ ಬರುತ್ತದೆ. ಕೆಳಕ್ಕೆ ಒತ್ತಿದರೆ ಮತ್ತೆ ನೀರಿಗೆ ಇಳಿಯುತ್ತದೆ. ಒಳಗಿರುವುದು ಒಂದು ಸಣ್ಣ 12 ವೋಲ್ಟ್ ಮೋಟರ್. ಅದು ಎಣ್ಣೆ ಪಂಪ್ ತಿರುಗಿಸುತ್ತದೆ, ಎಣ್ಣೆ ಸಿಲಿಂಡರಿನ ರಾಡನ್ನು ದೂಡುತ್ತದೆ. ಜೆಸಿಬಿಯ ಕೈ ಏಳುವುದೂ ಹೀಗೇ ಎಣ್ಣೆಯ ಬಲದಿಂದಲೇ ಅಲ್ವಾ? ಮೋಟರ್ ಉಲ್ಟಾ ತಿರುಗಿದರೆ ಇಂಜಿನ್ ಕೆಳಗೆ.

ಇದು ಶೋಕಿಯ ಸಾಮಾನು ಅಂದುಕೊಳ್ಳಬೇಡಿ. ನಮ್ಮ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಎಲ್ಲಿ ದಿಬ್ಬ ಏಳುತ್ತದೆ ಅಂತ ಹೇಳಲು ಬರುವುದಿಲ್ಲ. ನಿನ್ನೆ ಎದೆಮಟ್ಟ ನೀರಿದ್ದಲ್ಲಿ ಇವತ್ತು ಹೆಂಗಸರು ಕೂತು ಬೆಳಚು (ಚಿಪ್ಪು ಮೀನು) ಹೆಕ್ಕುತ್ತಿರುತ್ತಾರೆ. ಪ್ರೊಪೆಲ್ಲರ್ ಮರಳಿಗೆ ತಾಗುವ ಮೊದಲು ಇಂಜಿನ್ ಎತ್ತಬೇಕು. ಎತ್ತದೆ ಓಡಿಸಿದರೆ ತಂಪು ಮಾಡಲು ಎಳೆಯುವ ನೀರಿನ ಜೊತೆ ಮರಳೂ ಒಳಗೆ ಹೋಗುತ್ತದೆ. ನೀರಿನ ಪಂಪಿನ ರಬ್ಬರ್ ಚಕ್ರ ಸವೆದು ಇಂಜಿನ್ ಕಾದುಹೋಗುತ್ತದೆ.

ಜನವರಿಯ ಒಂದು ಭಾನುವಾರ. ದಾವಣಗೆರೆ ಕಡೆಯ ಒಂದು ಕುಟುಂಬ, ಜೊತೆಗೆ ಒಬ್ಬರು ಅಜ್ಜಿ. ವಾಪಸ್ ಬರುವಾಗ ನೀರಿನ ಬಣ್ಣ ತಿಳಿಯಾದದ್ದು ಕಂಡು ಬಟನ್ ಒತ್ತಿದೆ. ಹಲ್ಲಿ ಲೊಚಗುಟ್ಟಿದ ಹಾಗೆ ಒಂದು ಸಣ್ಣ ಶಬ್ದ, ಟಿಕ್. ಅಷ್ಟೇ. ಮತ್ತೆ ಒತ್ತಿದೆ, ಮತ್ತೆ ಟಿಕ್. ಇಂಜಿನ್ ಅಲ್ಲಾಡಲಿಲ್ಲ. ಅಷ್ಟರಲ್ಲಿ ಬೋಟ್ ಮರಳಿಗೆ ಉಜ್ಜಿ ನಿಂತಿತು. ನಾನು ಇಂಜಿನ್ ಬಂದ್ ಮಾಡಿ ಸೊಂಟಕ್ಕೆ ಪಂಚೆ ಬಿಗಿದು ಇಳಿದರೆ ಮೊಣಕಾಲಿನವರೆಗೂ ನೀರಿಲ್ಲ. ಲೈಫ್ ಜಾಕೆಟ್ ಹಾಕಿಕೊಂಡು ಕೂತಿದ್ದ ಅಜ್ಜಿ ಬಗ್ಗಿ ನೋಡಿ, 'ಇಷ್ಟೇ ನೀರು ಐತೇನೋ ತಮ್ಮಾ, ನಡ್ಕೊಂಡೇ ಬರಬಹುದಿತ್ತು' ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇನ್ನೊಂದು ಬೋಟ್ ಕರೆಸಿ ಅವರನ್ನು ದಡಕ್ಕೆ ಕಳಿಸಿ, ಉಬ್ಬರ ಬರುವವರೆಗೆ ಎರಡು ಗಂಟೆ ಒಬ್ಬನೇ ಬಿಸಿಲಲ್ಲಿ ಕೂತೆ.

ಆ ಎರಡು ಗಂಟೆ ಸುಮ್ನೆ ಕೂರುವ ಅಗತ್ಯವೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಇಂಜಿನ್ನನ್ನು ಬೋಟಿಗೆ ಕಚ್ಚಿ ಹಿಡಿದಿರುವ ಬ್ರಾಕೆಟ್ಟಿನ ಬದಿಯಲ್ಲಿ ಒಂದು ತೂತು ಇರುತ್ತದೆ. ಅದರೊಳಗೆ ಒಂದು ಸ್ಕ್ರೂ. ಚಪ್ಪಟೆ ಸ್ಕ್ರೂಡ್ರೈವರಿನಲ್ಲಿ ಅದನ್ನು ಮೂರು ನಾಲ್ಕು ಸುತ್ತು ಸಡಿಲಿಸಿದರೆ ಎಣ್ಣೆಯ ಒತ್ತಡ ಬಿಟ್ಟುಹೋಗಿ ಇಬ್ಬರು ಸೇರಿ ಇಂಜಿನ್ನನ್ನು ಕೈಯಲ್ಲೇ ಎತ್ತಬಹುದು. ಎತ್ತಿದ ಮೇಲೆ ಆಸರೆಯ ಲಿವರ್ ಹಾಕಿ, ಸ್ಕ್ರೂ ಮತ್ತೆ ಬಿಗಿ ಮಾಡಬೇಕು. ಐದು ವರ್ಷದಿಂದ ಅದೇ ಬೋಟ್ ಓಡಿಸುತ್ತಿದ್ದೆ, ಆ ತೂತು ಕಂಡಿದ್ದೆ. ತೊಳೆದ ನೀರು ಹೋಗಲು ಇಟ್ಟಿದ್ದಾರೆ ಅಂದುಕೊಂಡಿದ್ದೆ!

ಮಾರನೇ ದಿನ ಪೇಟೆಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ನಾಲ್ಕು ದಿನ ಬಿಟ್ಟು ಒಬ್ಬ ಹುಡುಗ ಬಂದ. ಬಟನ್ ಒತ್ತಿ ಕಿವಿಗೊಟ್ಟ. 'ರಿಲೇ ಹೊಡೀತಾ ಇದೆ, ಅಂದ್ರೆ ಕರೆಂಟ್ ಬರ್ತಾ ಇದೆ. ಮೋಟರ್ ಹೋಗಿದೆ' ಅಂದ. ರಿಲೇ ಅಂದರೆ ಬಟನ್ ಒತ್ತಿದಾಗ ಟಿಕ್ ಅಂತ ಹಾರಿ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್. ಮೋಟರ್ ಬಿಡಿಯಾಗಿ ಸಿಗುವುದಿಲ್ಲವಂತೆ, ಪಂಪು ಸಿಲಿಂಡರ್ ಸಮೇತ ಪೂರ್ತಿ ಸೆಟ್ ತರಿಸಬೇಕಂತೆ. 70 ಸಾವಿರ, ಜೊತೆಗೆ ಕೂಲಿ. ಅರ್ಧ ಮುಂಗಡ. ಬರಲು ಒಂದು ತಿಂಗಳು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಿಚ್ಚಿ ಬೇರೆ ಹಾಕುವುದನ್ನು ಅವನಿಗೆ ಕಲಿಸಿದ್ದಾರೆ, ಹುಡುಕುವುದನ್ನು ಕಲಿಸಿಲ್ಲ. ಚೀಲದಲ್ಲಿ ಸ್ಪ್ಯಾನರ್ ಸೆಟ್ ಇತ್ತು, ವೋಲ್ಟ್ ಅಳೆಯುವ ಮೀಟರ್ ಇರಲಿಲ್ಲ.

ದುಡ್ಡು ಹೊಂದಿಸಲು ಎರಡು ವಾರ ಓಡಾಡಿದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, 'ಮಿಕ್ಸಿ ತಿರುಗದಿದ್ರೆ ಮೊದಲು ಪ್ಲಗ್ ನೋಡ್ತೇವೆ, ಹೊಸ ಮಿಕ್ಸಿ ತರೂದಿಲ್ಲ. ಬೇರೆ ಯಾರಿಗಾದ್ರೂ ಒಮ್ಮೆ ತೋರ್ಸಿ ನೋಡಿ' ಅಂದಳು. ಮಾತು ಸರಿ ಅನ್ನಿಸಿತು. ಆದರೆ ತೋರಿಸುವುದು ಯಾರಿಗೆ?

ಹೈವೇ ಬದಿಯಲ್ಲಿ ಟೆಂಪೋ, ಕಾರುಗಳ ಸೆಲ್ಫು ಡೈನಮೋ ರಿಪೇರಿ ಮಾಡುವ ಒಬ್ಬ ಇಲೆಕ್ಟ್ರಿಷಿಯನ್ ಇದ್ದಾನೆ. ಜೀವಮಾನದಲ್ಲಿ ಬೋಟ್ ಇಂಜಿನ್ ಮುಟ್ಟಿದವನಲ್ಲ. ಈಜೂ ಬರುವುದಿಲ್ಲ, ದಡಕ್ಕೆ ಎಳೆದಿಟ್ಟರೆ ಮಾತ್ರ ಬರುತ್ತೇನೆ ಅಂದ. ಎಳೆದು ಇಟ್ಟೆವು. ಇಂಜಿನ್ನಿನ ಮುಚ್ಚಳ ತೆಗೆದು ಒಳಗೆ ನೋಡಿ, 'ಇದೆಂತ ಅಣ್ಣ, ಕಾರಿನ ಪವರ್ ವಿಂಡೋ ಇದ್ದ ಹಾಗೆ ಉಂಟಲ್ಲ' ಅಂದ.

ಅವನು ಮೊದಲು ಮಾಡಿದ ಕೆಲಸ ಪೆಟ್ರೋಲ್ ಪೈಪ್ ಬಿಚ್ಚಿ ಟ್ಯಾಂಕನ್ನು ದೂರ ಇಡಿಸಿದ್ದು. ಮುಚ್ಚಳ ತೆಗೆದು ಹತ್ತು ನಿಮಿಷ ಗಾಳಿಯಾಡಲು ಬಿಟ್ಟ. ಕಿಡಿ ಹಾರುವ ಕೆಲಸ, ಪೆಟ್ರೋಲ್ ಆವಿ ಇರುವ ಜಾಗ. ಇದನ್ನು ಯಾರೂ ಮರೆಯಬಾರದು.

ಆಮೇಲೆ ಮೋಟರಿನಿಂದ ಬರುವ ಎರಡು ದಪ್ಪ ವೈರಿನ ಜೋಡಣೆ ಬಿಚ್ಚಿದ. ನನ್ನದರಲ್ಲಿ ಒಂದು ಆಕಾಶ ನೀಲಿ, ಒಂದು ತಿಳಿ ಹಸಿರು. ಕೆಲವು ಕಂಪನಿಯ ಇಂಜಿನ್ನಿನಲ್ಲಿ ಇವುಗಳ ಮೇಲೆ ಬಿಳಿ ಗೆರೆ ಇರುತ್ತದೆ. ನೀಲಿ ಅಂದರೆ ಮೇಲೆ, ಹಸಿರು ಅಂದರೆ ಕೆಳಗೆ. ಬ್ಯಾಟರಿಯಿಂದ ಫ್ಯೂಸ್ ಹಾಕಿದ ಎರಡು ವೈರ್ ಎಳೆದು ತಂದು, ಪ್ಲಸ್ಸನ್ನು ನೀಲಿಗೆ, ಮೈನಸ್ಸನ್ನು ಹಸಿರಿಗೆ ಮುಟ್ಟಿಸಿದ. ಗೊರ್ ಅಂತ ಶಬ್ದ ಮಾಡಿ ಇಂಜಿನ್ ಎದ್ದು ನಿಂತಿತು. ಅದಲು ಬದಲು ಮಾಡಿದ, ಇಳಿಯಿತು. ಸತ್ತಿದೆ ಅಂತ ಹೇಳಿದ್ದ ಮೋಟರ್! ನನಗೆ ಅಲ್ಲೇ ಮರಳ ಮೇಲೆ ಕೂತುಬಿಡುವ ಹಾಗಾಯಿತು. ಐದು ನಿಮಿಷದ ಕೆಲಸ ಮಾರಾಯ್ರೇ.

ಮೋಟರ್ ಸರಿ ಇದೆ ಅಂದ ಮೇಲೆ ಕರೆಂಟ್ ದಾರಿಯಲ್ಲೆಲ್ಲೋ ಕಳೆದುಹೋಗುತ್ತಿದೆ ಅಂತಾಯಿತು. ಬ್ಯಾಟರಿ ನೋಡಿದ, 12.5 ವೋಲ್ಟ್. 20 ಆಂಪಿಯರ್ ಫ್ಯೂಸ್ ಸರಿ ಇತ್ತು. ರಿಲೇಗೆ ಬರುವ ಕೆಂಪು ವೈರಿನಲ್ಲಿ ಪ್ಲಸ್ ಪೂರ್ತಿ ಇತ್ತು. ಉಳಿದದ್ದು ಅರ್ತ್, ಅಂದರೆ ಕರೆಂಟ್ ವಾಪಸ್ ಹೋಗುವ ಕಪ್ಪು ವೈರ್. ಅವನ ಹತ್ತಿರ ಒಂದು ಸಣ್ಣ ಟೆಸ್ಟ್ ಬಲ್ಬ್ ಇತ್ತು. ಒಂದು ತುದಿ ಪ್ಲಸ್ಸಿಗೆ, ಇನ್ನೊಂದು ತುದಿ ರಿಲೇಯ ಕಪ್ಪು ವೈರಿಗೆ ಹಿಡಿದ. ಬಲ್ಬ್ ಝಗ್ ಅಂತ ಉರಿಯಿತು. 'ಅರ್ತೂ ಸರಿ ಉಂಟಲ್ಲ' ಅಂದೆ ನಾನು. ಅವನು ನಕ್ಕು ತನ್ನ ಗಾಡಿಗೆ ಹೋಗಿ, ಕಾರಿನ ಒಂದು ಹಳೇ ಹೆಡ್‌ಲೈಟ್ ಬಲ್ಬ್ ತಂದ. ಅದನ್ನು ಅದೇ ಜಾಗಕ್ಕೆ ಹಿಡಿದರೆ ಬಲ್ಬಿನೊಳಗೆ ಬೀಡಿ ತುದಿಯಷ್ಟೇ ಕೆಂಪು.

ಇಲ್ಲಿ ನಾನು ಕಲಿತದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಣ್ಣ ಬಲ್ಬಿಗೆ ಬೇಕಾದ ಕರೆಂಟ್ ಬಹಳ ಕಡಿಮೆ. ವೈರಿನ ಎಲ್ಲಾ ಎಳೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಅದು ಉರಿಯುತ್ತದೆ. 60 ವಾಟಿನ ಹೆಡ್‌ಲೈಟಿಗೆ ಸುಮಾರು 5 ಆಂಪಿಯರ್ ಬೇಕು. ಟಿಲ್ಟ್ ಮೋಟರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಗದ್ದೆಗೆ ಬರುವ ಕಾಲುವೆ ಹೂಳು ತುಂಬಿದರೂ ಒಂದು ಕೊಡ ನೀರು ಸಿಗುತ್ತದೆ, ಗದ್ದೆ ತುಂಬುವುದಿಲ್ಲ. ಹಾಗೆ. ರಿಲೇ ಟಿಕ್ ಅನ್ನಲು ಬೇಕಾದ ಕರೆಂಟೂ ಚೂರೇ. ಅದಕ್ಕೇ ಅದು ಟಿಕ್ ಅನ್ನುತ್ತಿತ್ತು, ಆ ಸರ್ವಿಸ್ ಹುಡುಗ ಮೋಸ ಹೋದ.

ಆಮೇಲೆ ಮೋಟರಿನ ವೈರ್ ಮೊದಲಿನ ಹಾಗೆ ಜೋಡಿಸಿ ಮೀಟರ್ ತೆಗೆದ. ಅದರ ವೈರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಇಂಜಿನ್ನಿನ ಲೋಹದ ಮೈಗೆ ಇಟ್ಟು, ನನಗೆ ಬಟನ್ ಒತ್ತಲು ಹೇಳಿದ. ಮೀಟರ್ ಅಲ್ಲಾಡಲಿಲ್ಲ ಅಂತಲೇ ಹೇಳಬೇಕು. ಅಂದರೆ ದಪ್ಪ ಕೇಬಲ್ ಸರಿ ಇದೆ. ಅದಕ್ಕೇ ಇಂಜಿನ್ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಆಮೇಲೆ ಒಂದು ಮುಳ್ಳು ಇಂಜಿನ್ನಿನ ಮೈಗೆ, ಇನ್ನೊಂದು ರಿಲೇಯ ಕಪ್ಪು ವೈರಿಗೆ. ಬಟನ್ ಒತ್ತಿದೆ. 8 ವೋಲ್ಟ್! ಅಲ್ಲಿ ಅರ್ಧ ವೋಲ್ಟೂ ಕಾಣಿಸಬಾರದು. ಬ್ಯಾಟರಿ ಕೊಟ್ಟ 12ರಲ್ಲಿ 8 ಅಲ್ಲೇ ಒಂದು ಗೇಣು ವೈರಿನಲ್ಲಿ ಸೋರಿಹೋಗುತ್ತಿತ್ತು. 'ಕೈ ಇಟ್ಟು ನೋಡಿ ಅಣ್ಣ' ಅಂದ. ಆ ವೈರಿನ ತುದಿಯ ಲಗ್, ಅಂದರೆ ಬೋಲ್ಟಿಗೆ ಕೂರಿಸುವ ಲೋಹದ ಬಳೆ, ಮುಟ್ಟಿದರೆ ಬೆಚ್ಚಗೆ. ಒಂದು ನಿಮಿಷ ಬಿಟ್ಟು ಮತ್ತೆ ನಾಲ್ಕು ಸಲ ಬಟನ್ ಒತ್ತಿದ ಮೇಲೆ ಬೆರಳು ಇಡಲು ಆಗಲಿಲ್ಲ.

ನೋಡಲು ಏನೂ ಆಗಿರಲಿಲ್ಲ. ಕಪ್ಪು ರಬ್ಬರ್ ಹೊದಿಕೆ ಹೊಸದರ ಹಾಗೇ ಇತ್ತು. ಬ್ಯಾಟರಿ ಬಿಚ್ಚಿಟ್ಟು, ಬ್ಲೇಡಿನಲ್ಲಿ ಹೊದಿಕೆ ಸೀಳಿದ. ಒಳಗಿನಿಂದ ಹಸಿರು ಹುಡಿ ಉದುರಿತು. ಹಳೇ ತಾಮ್ರದ ಹಂಡೆಯ ಅಡಿಗೆ ಕಟ್ಟುತ್ತದಲ್ಲ, ಅದೇ ಕಿಲುಬು. ಎಣಿಸಿದರೆ ಎರಡೇ ಎಳೆ ಲಗ್ಗಿಗೆ ಅಂಟಿಕೊಂಡಿದ್ದವು. ಉಪ್ಪು ನೀರಿನ ತೇವ ಲಗ್ಗಿನ ಬಾಯಿಯಿಂದ ಒಳಗೆ ಹೊಕ್ಕು, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಎಳೆಗಳಲ್ಲಿ ಹತ್ತಿಕೊಂಡು ಹೋಗಿತ್ತು. ಎರಡು ಇಂಚು ಮೇಲಿನವರೆಗೂ ತಾಮ್ರ ಕಪ್ಪಾಗಿತ್ತು. ಕೆಂಪು ತಾಮ್ರ ಹೊಳೆಯುವವರೆಗೆ ಕತ್ತರಿಸಿ, ಬೇರೆ ವೈರ್ ಸೇರಿಸಿ, ಹೊಸ ಲಗ್ ಒತ್ತಿ, ಒಳಗೆ ಗೋಂದು ಇರುವ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿ ಮುಚ್ಚಿದ. ಇಂಜಿನ್ನಿನ ಮೈಗೆ ಬೋಲ್ಟ್ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ತಿಕ್ಕಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಬಳಿದ. ಬಟನ್ ಒತ್ತಿದೆ. ಎದ್ದಿತು. ಒಟ್ಟು ಒಂದೂವರೆ ಗಂಟೆ. ಅವನು ಕೇಳಿದ್ದು 300 ರೂಪಾಯಿ. ನಾನು 1000 ಕೊಟ್ಟೆ. ಬೇಡ ಬೇಡ ಅಂತ 500 ವಾಪಸ್ ಕೊಟ್ಟು, ಬದಲಿಗೆ ಒಂದು ಕಿಲೋ ಕಾಣೆ ಮೀನು ಕೇಳಿದ. ಕಾಣೆ ಮೀನಿನ ಇವತ್ತಿನ ರೇಟ್ ಗೊತ್ತಿದ್ದವರಿಗೆ ಅವನು ಎಷ್ಟು ಬುದ್ಧಿವಂತ ಅಂತ ಹೇಳಬೇಕಾಗಿಲ್ಲ.

ಸುದ್ದಿ ಹಬ್ಬಿ ಇಲ್ಲೇ ಹೊನ್ನಾವರದ ಪಕ್ಕದ ಕಾಸರಕೋಡಿನ ಒಬ್ಬ ಗೆಳೆಯನೂ ಅವನನ್ನು ಕರೆಸಿದ. ಅಲ್ಲಿ ಬೇರೆಯೇ ತಮಾಷೆ. ಇಂಜಿನ್ ಇಳಿಯುತ್ತಿತ್ತು, ಏಳುತ್ತಿರಲಿಲ್ಲ. ಹಾಗಾದರೆ ಮೇಲಕ್ಕೆ ಎತ್ತುವ ರಿಲೇ ಹೋಗಿದೆ ಅಂತ ಗೆಳೆಯ ಅದನ್ನು ಬದಲಿಸಿ ಆಗಿತ್ತು. ಆದರೂ ಏಳಲಿಲ್ಲ. ಈ ರಿಲೇಗಳು ಎರಡು ಇರುತ್ತವೆ. ಸುಮ್ನೆ ಇದ್ದಾಗ ಎರಡೂ ಮೋಟರಿನ ಎರಡು ವೈರನ್ನು ಅರ್ತಿಗೆ ಸೇರಿಸಿ ಹಿಡಿದಿರುತ್ತವೆ. ಮೇಲಕ್ಕೆ ಒತ್ತಿದಾಗ ಒಂದು ರಿಲೇ ಹಾರಿ ನೀಲಿ ವೈರಿಗೆ ಪ್ಲಸ್ ಕೊಡುತ್ತದೆ. ಆ ಕರೆಂಟ್ ಮೋಟರ್ ತಿರುಗಿಸಿ, ಹಸಿರು ವೈರಿನಲ್ಲಿ ಬಂದು, ಸುಮ್ನೆ ಕೂತಿರುವ ಇನ್ನೊಂದು ರಿಲೇಯ ಮೂಲಕವೇ ಅರ್ತಿಗೆ ಹೋಗಬೇಕು. ಆ ಎರಡನೇ ರಿಲೇಯ ಒಳಗಿನ ಪಾಯಿಂಟ್ ಸುಟ್ಟು ಕರ್ರಗಾಗಿತ್ತು. ಕೆಲಸ ಮಾಡುವವನು ಸರಿ ಇದ್ದ, ಕೂತಿದ್ದವನು ಅಡ್ಡಗಾಲು ಹಾಕಿದ್ದ. ನಮ್ಮ ಕಚೇರಿಗಳಲ್ಲೂ ಇಂಥವರು ಸಿಗುತ್ತಾರೆ, ಅದು ಬೇರೆ ಮಾತು. ಎರಡು ರಿಲೇ ಒಂದೇ ತರಹದ್ದಾಗಿದ್ದರೆ ಅದಲು ಬದಲು ಮಾಡಿ ನೋಡಿ. ತೊಂದರೆ ಮೇಲಿನಿಂದ ಕೆಳಗೆ ದಾಟಿದರೆ ರಿಲೇಯದ್ದೇ ತಪ್ಪು, ದಾಟದಿದ್ದರೆ ಬೇರೆ ಕಡೆ ಹುಡುಕಬೇಕು.

ಟಿಕ್ ಅನ್ನುವ ಶಬ್ದವೂ ಬಾರದಿದ್ದರೆ ಫ್ಯೂಸ್, ಬಟನ್ ಅಥವಾ ಬಟನ್ನಿನಿಂದ ಬರುವ ತೆಳು ವೈರ್ ನೋಡಬೇಕು. ಇಂಜಿನ್ನಿನ ಬದಿಯಲ್ಲೂ ಇನ್ನೊಂದು ಬಟನ್ ಇರುತ್ತದೆ ಹೆಚ್ಚಿನವುಗಳಲ್ಲಿ. ಅದರಲ್ಲಿ ಎದ್ದರೆ ಥ್ರಾಟಲ್ ಹಿಡಿಯ ಬಟನ್ ಹೋಗಿದೆ ಅಥವಾ ಅದರ ಒಳಗಿನ ವೈರ್ ಬಾಗಿ ಬಾಗಿ ತುಂಡಾಗಿದೆ ಅಂತ ಅರ್ಥ. ಮೋಟರ್ ತಿರುಗುವ ಶಬ್ದ ಬಂದೂ ಇಂಜಿನ್ ಏಳದಿದ್ದರೆ ಅದು ಕರೆಂಟಿನ ವಿಷಯವೇ ಅಲ್ಲ, ಹೆಚ್ಚಾಗಿ ಎಣ್ಣೆ ಕಮ್ಮಿಯಾಗಿರುತ್ತದೆ ಅಥವಾ ಆ ತೂತಿನ ಸ್ಕ್ರೂ ಸಡಿಲ ಇರುತ್ತದೆ. ನೇರ ಬ್ಯಾಟರಿ ಕೊಟ್ಟರೂ ಮೋಟರ್ ಮಿಸುಕದಿದ್ದರೆ ಮಾತ್ರ ಮೋಟರಿನ ಮೇಲೆ ಅನುಮಾನ ಪಡಿ. ಆಗಲೂ ಒಮ್ಮೆ ಬಿಚ್ಚಿಸಿ ನೋಡಿ. ಎಷ್ಟೋ ಸಲ ಮೋಟರಿನೊಳಗಿನ ಸವೆದ ಕಾರ್ಬನ್ ಬ್ರಷ್ ಬದಲಿಸಿದರೆ ಸಾಕಾಗುತ್ತದೆ. ಮತ್ತೆ ಒಂದು ಮಾತು: ಎತ್ತಿದ ಇಂಜಿನ್ನಿನ ಕೆಳಗೆ ಆಸರೆ ಲಿವರ್ ಹಾಕದೆ ಕೈ ತಲೆ ತೂರಿಸಬೇಡಿ.

ಈಗ ನಾನು ಕೇಳಬೇಕಾದ್ದು. ಈ ಇಂಜಿನ್ ಕೊಂಡಾಗ ನನಗೆ ಕೊಟ್ಟ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ. ವೈರಿಂಗ್ ನಕ್ಷೆ ಅದರಲ್ಲಿ ಇಲ್ಲ, ಅದು ಮೆಕ್ಯಾನಿಕ್ಕಿಗೆ ಮಾತ್ರವಂತೆ. ಒಂದು ಪುಟದ ನಕ್ಷೆ, ಯಾವ ಬಣ್ಣ ಏನು ಅಂತ ಕನ್ನಡದಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಲು ಮಾರುವವರಿಗೆ ಎಷ್ಟು ಖರ್ಚಾದೀತು? ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರು ನಾವು, ಅಷ್ಟು ಕೇಳುವ ಹಕ್ಕು ಇಲ್ವಾ?

ಇನ್ನೊಂದು ಮನವಿ ಮೀನುಗಾರಿಕೆ ಮತ್ತು ಪ್ರವಾಸೋದ್ಯಮ ಇಲಾಖೆಯವರಿಗೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. 10 ಎಚ್‌ಪಿ ಒಳಗಿನ ನಾಡದೋಣಿ ಬಿಟ್ಟರೆ ಉಳಿದವು ದಡದಲ್ಲೇ. ನಮ್ಮ ಪ್ರವಾಸಿ ಬೋಟುಗಳೂ ಮಳೆಗಾಲದಲ್ಲಿ ತಾಡಪಾಲು ಹೊದ್ದು ಮಲಗಿರುತ್ತವೆ. ಕಿಲುಬು ಹಿಡಿಯುವುದೂ ಆಗಲೇ, ಆ ತಾಡಪಾಲಿನ ಒಳಗಿನ ಹಬೆಯಲ್ಲಿ. ಆ ಎರಡು ತಿಂಗಳಲ್ಲಿ ಬಂದರಿನಲ್ಲಿ ಎರಡು ದಿನದ ಒಂದು ತರಗತಿ ಮಾಡಿ. ದೊಡ್ಡ ಭಾಷಣ, ಹಾರ, ಶಾಲು ಬೇಡ. ಒಂದು ಹಳೇ ಇಂಜಿನ್, ಒಂದು ಬ್ಯಾಟರಿ, ಒಂದು ಮೀಟರ್, ಒಂದು ಹೆಡ್‌ಲೈಟ್ ಬಲ್ಬ್ ಇಡಿ. ಐಟಿಐಯಲ್ಲಿ ಇಲೆಕ್ಟ್ರಿಷಿಯನ್ ಕಲಿಯುತ್ತಿರುವ ಹುಡುಗರನ್ನೂ ಕೂರಿಸಿ. ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದ ಹುಡುಗರು ಮನೆ ವೈರಿಂಗ್ ಮಾತ್ರ ಕಲಿತು ಬೆಂಗಳೂರಿಗೆ ಬಸ್ಸು ಹತ್ತುತ್ತಿದ್ದಾರೆ, ಇಲ್ಲಿ ಬೋಟಿನವರು ಮೆಕ್ಯಾನಿಕ್ಕಿಗಾಗಿ ನಾಲ್ಕು ದಿನ ಕಾಯುತ್ತಿದ್ದೇವೆ.

ಕಲಿಸಲು ಯಾರು ಅಂತ ಕೇಳಿದರೆ ನಮ್ಮ ಹೈವೇ ಬದಿಯ ಇಲೆಕ್ಟ್ರಿಷಿಯನ್ ತಯಾರಿದ್ದಾನೆ, ಕೇಳಿ ಆಗಿದೆ. ನೀರಿಗೆ ಇಳಿಸಬಾರದು ಅನ್ನುವುದು ಅವನ ಒಂದೇ ಷರತ್ತು. ಆ ಹಸಿರು ಹುಡಿ ಹಿಡಿದ ಲಗ್ಗನ್ನು ಒಂದು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಾಕಿ ಬೋಟಿನಲ್ಲೇ ಇಟ್ಟಿದ್ದೇನೆ. ನೋಡಬೇಕಾದವರು ಇಳಿತದ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಬರಬಹುದು.

ಇತಿ,
ಹೊನ್ನಾವರದ ಒಬ್ಬ ಬೋಟ್ ಮಾಲೀಕ